ಬೆಟ್ಟದಪುರದ ಖಾಲಿ ಬೆಂಚು

ಹೋದ ವರ್ಷ ನಾವು ಹೋದ ದಿನ ಬೆಟ್ಟದಪುರದ ಆರೋಗ್ಯ ಕೇಂದ್ರದ ಬೆಂಚು ಖಾಲಿಯಿತ್ತು. ಇದಿಷ್ಟು ನನಗೆ ಖಚಿತವಾಗಿ ನೆನಪಿದೆ. ಅಷ್ಟು ಖಚಿತವಾಗಿರುವುದೇ ಈಗ ಅನುಮಾನ ಹುಟ್ಟಿಸುತ್ತದೆ.

ಮೈಸೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಾನು ಅರ್ಥಶಾಸ್ತ್ರದ ಕೆಲಸ ಮಾಡುತ್ತೇನೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ವೈದ್ಯರು, ನರ್ಸುಗಳು ಎಲ್ಲಿ ಹೆಚ್ಚಾಗಿದ್ದಾರೆ, ಎಲ್ಲಿ ಕಡಿಮೆಯಿದ್ದಾರೆ ಎಂದು ನೋಡಿ ಆರೋಗ್ಯ ಇಲಾಖೆಗೆ ವರದಿ ಕೊಡಬೇಕಿತ್ತು. ಖಾಲಿ ಬೆಂಚು ನೋಡಿದ್ದ ನಾನು, ಬೆಟ್ಟದಪುರದ ರಾತ್ರಿ ಪಾಳಿಯ ನರ್ಸನ್ನು ಜನ ಕಿಕ್ಕಿರಿಯುವ ಕೆ.ಆರ್. ನಗರಕ್ಕೆ ಕಳಿಸಬಹುದೆಂದು ಕರಡಿನಲ್ಲಿ ಬರೆದೆ. ಸಹಿ ಹಾಕುವ ಮುಂಚೆ ಯಾಕೋ ಮನಸ್ಸು ತಡೆಯದೆ ಬಸ್ಸು ಹತ್ತಿ ಹೋದೆ. ಬೆಂಚು ಮತ್ತೆ ಖಾಲಿ.

ಊರಾಚೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಒಲೆಯ ಮುಂದೆ ಗಂಡ ಹೆಂಡತಿ ಸೌದೆ ತಳ್ಳುತ್ತಾ ಕುಳಿತಿದ್ದರು. ಅವರ ತುಂಬು ಗರ್ಭಿಣಿ ಸೊಸೆ ಎಲೆಗಳನ್ನು ಕೋಲಿಗೆ ಕಟ್ಟುತ್ತಿದ್ದಳು. ಹೋದ ವರ್ಷ ನಾವು ಇಲಾಖೆಯ ಜೀಪಿನಲ್ಲಿ ಬಂದ ದಿನ ಆಸ್ಪತ್ರೆಯಲ್ಲಿ ಯಾಕೆ ಯಾರೂ ಇರಲಿಲ್ಲ ಎಂದು ಕೇಳಿದೆ.

"ಬ್ಯಾರನ್‌ಗೆ ಬೆಂಕಿ ಹಾಕುದ್ ಮ್ಯಾಕೆ ಯಾರ್ ಬತ್ತಾರೆ? ಉರಿ ಬುಟ್ಟು ಎದ್ರೆ ಸೊಪ್ಪು ಕೆಟ್ಟೋಯ್ತದೆ. ಜ್ವರ ಗಿರ ಎಲ್ಲಾ ಸೊಪ್ಪು ಇಳಿಸುದ್ ಮ್ಯಾಲೆ ಕಣ್ರೀ," ಎಂದ ಗಂಡ.

"ಸುಮ್ಕಿರು. ಜೀಪು ಬಂದಾಗ ಇನ್ನೂ ಸೊಪ್ಪೇ ಮುರಿದಿರ್ಲಿಲ್ಲ. ಅವತ್ತು ನನ್ ತಂಗಿ ಮಗಳ ಮದ್ವೆ," ಎಂದಳು ಹೆಂಡತಿ.

"ನಿನ್ ತಂಗಿ ಮಗಳ ಮದ್ವೆಗೆ ಊರೇ ಓಗಿತ್ತಾ? ನಾನೇ ಓಗ್ಲಿಲ್ಲ."

"ಬಂದಿದ್ದೆ ಕಣ. ಎಲ್ಡು ಸಲ ಉಂಡೆ."

ಸೊಸೆ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, "ರಾತ್ರಿ ನರ್ಸಮ್ಮನ್ನ ಕಳಿಸ್ಬುಡ್ತಾರಂತೆ, ದಿಟವಾ ಸಾ? ನೋವು ರಾತ್ರಿ ಬಂದ್ರೆ ಪಿರಿಯಾಪಟ್ಣಕ್ಕೇ ಓಗ್ಬೇಕಾ?" ಎಂದಳು.

ಇನ್ನೂ ತೀರ್ಮಾನವಾಗಿಲ್ಲ ಎಂದೆ. ಇಲಾಖೆ ತೀರ್ಮಾನಿಸುತ್ತದೆ ಎಂದೂ ಹೇಳಿದೆನೇನೋ.

ನಾವು ಹೋದ ತಾರೀಖು ಕಚೇರಿಯಲ್ಲಿದೆ. ಆದರೆ ಆ ವರ್ಷ ಮಳೆ ತಡವಾಗಿತ್ತು, ಸಸಿ ನೆಟ್ಟಿದ್ದೂ ತಡ. ಹಾಗಾಗಿ ತಾರೀಖಿನಿಂದ ಬೆಂಕಿ ಹಾಕಿದ್ದರೋ ಇಲ್ಲವೋ ತಿಳಿಯುವುದಿಲ್ಲ. ಹೊಗೆಯ ವಾಸನೆ ಬಂದಿತ್ತೇ? ಇಲಾಖೆಯ ಜೀಪಿನ ಗಾಜು ಏರಿಸಿತ್ತು. ಅಥವಾ ಏರಿಸಿತ್ತೆಂದು ಈಗ ನಾನು ಊಹಿಸಿಕೊಳ್ಳುತ್ತಿದ್ದೇನೆ.

ಸಂಸ್ಥೆಯ ನಿರ್ದೇಶಕರಿಗೆ ಇದನ್ನೆಲ್ಲ ಹೇಳಿದೆ.

"ನಮ್ಮದು ಸ್ವಾಯತ್ತ ಸಂಸ್ಥೆ. ಏನು ಬರೀಬೇಕು ಅಂತ ಇಲಾಖೆ ಒಂದಕ್ಷರ ಹೇಳಿಲ್ಲ," ಎಂದರು.

"ಯಾವತ್ತು ನೋಡಬೇಕು ಅಂತ ಹೇಳಿದ್ದು ಯಾರು, ಸರ್?"

"ಆ ದಿನ ಜೀಪು ಕೇಳಿದ್ದು ನೀವೇ ಅಲ್ವೇನ್ರೀ?"

ಇರಬಹುದು. ನನ್ನ ನೆನಪಿನಲ್ಲಿ ದಿನ ಗೊತ್ತುಮಾಡಿದ್ದು ಇಲಾಖೆಯವರು.

"ಈಗ ಆ ಹೆಣ್ಣುಮಗಳನ್ನು ನೋಡಿ ಬಂದು ನರ್ಸಿನ ವಾಕ್ಯ ತೆಗೀತೀನಿ ಅಂತೀರಲ್ಲ, ಇದು ಸ್ವತಂತ್ರ ಸಂಶೋಧನೆಯೇನು?"

ಆದರೂ ವಾಕ್ಯ ಹೊಡೆದುಹಾಕಿದೆ. ಬ್ಯಾರನ್‌ಗಳಲ್ಲಿ ಬೆಂಕಿ ಇದ್ದಾಗಲೂ ಇಲ್ಲದಾಗಲೂ ಕೇಂದ್ರವನ್ನು ನೋಡದೆ ಏನೂ ಹೇಳಲಾಗದು ಎಂದು ಬರೆದೆ. ಅವರು ಮುಖ ಗಂಟಿಕ್ಕಿಕೊಂಡೇ ಒಪ್ಪಿದರು.

ಸದ್ಯಕ್ಕೆ ನರ್ಸ್ ಬೆಟ್ಟದಪುರದಲ್ಲೇ ಇದ್ದಾರೆ. ಕೆ.ಆರ್. ನಗರದಲ್ಲಿ ಇನ್ನೊಬ್ಬ ನರ್ಸ್ ಸಿಗಲೆಂದು ಕಾಯುತ್ತಿರುವವರು ಯಾರೋ. ಅವರ ಮನೆಯ ಮುಂದೆ ನಾನು ಹೋಗಿ ಕುಳಿತಿಲ್ಲ.