ಟವೆಲಿನ ಕೆಳಗೆ ಮೂರು ಬೆರಳು

ಒಂದು ವಿಸ್ಕಿ ಬಾಟಲಿಗೆ ಆರು ಸಾವಿರದ ನಾನೂರು ರೂಪಾಯಿ ಕೊಟ್ಟೆ. ಕಲಬುರಗಿಯ ಅಂಗಡಿಯವನು ಒಂದು ರೂಪಾಯಿಯನ್ನೂ ಬಿಡಲಿಲ್ಲ. ಡಬ್ಬಿಯ ಮೇಲೆ ಅಚ್ಚಾದ ಬೆಲೆಯನ್ನು ಬೆರಳಿಟ್ಟು ತೋರಿಸಿದ. ನಾನೂ ಜಗ್ಗಲಿಲ್ಲ. ಕೊನೆಗೆ ಒಂದು ಬಟ್ಟೆಯ ಚೀಲ, ಎರಡು ಪಾಕೀಟು ಗೋಡಂಬಿ ಹೆಚ್ಚಿಗೆ ಇಸಿದುಕೊಂಡು ಹೊರಬಂದೆ. ಅಷ್ಟು ದುಡ್ಡು ಸುರಿದದ್ದು ಕುಡಿಯುವ ಆಸೆಗಲ್ಲ. ನನ್ನ ಮೂಗು ಇದೆಯೋ ಹೋಗಿದೆಯೋ ನೋಡಿಕೊಳ್ಳುವುದಕ್ಕೆ.

ನನ್ನದು ಒಣಮೆಣಸಿನಕಾಯಿ ವ್ಯಾಪಾರ. ಶಹಾಪುರ, ಸುರಪುರ ಕಡೆಯ ಹೊಲಗಳಿಂದ ಕೊಂಡು ಹೊರಗಿನ ಮಂಡಿಗಳಿಗೆ ಕಳಿಸುತ್ತೇನೆ. ಚೀಲ ಹೊರುವುದರಿಂದ ಶುರು ಮಾಡಿದವನು ನಾನು. ಬೆನ್ನಿನಿಂದ ಮೂಗಿಗೆ ಬರಲು ಹತ್ತು ವರ್ಷ ಹಿಡಿಯಿತು. ಕಾಯಿ ಮುರಿಯುತ್ತೇನೆ, ಬೀಜ ಅಲ್ಲಾಡಿಸುತ್ತೇನೆ, ಆಮೇಲೆ ಚೀಲದ ಹೊಟ್ಟೆಗೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಸುತ್ತೇನೆ. ಒಳಗೆ ಮುಗ್ಗು ಹಿಡಿದಿದ್ದರೆ ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ನಾನು ‘ಹೂಂ’ ಅಂದ ಮಾಲನ್ನು ಕೊಳ್ಳುವವರು ಮತ್ತೆ ಬಿಚ್ಚಿ ನೋಡುವುದಿಲ್ಲ. ನನ್ನ ಆಸ್ತಿ ಅಷ್ಟೇ.

ಅಂಥ ಮಾಲಿನಲ್ಲಿ ಹನ್ನೊಂದು ಚೀಲ ಮುಗ್ಗು ವಾಸನೆ ಎಂದು ವಾಪಸು ಬಂದವು. ಲಾರಿಯ ತಾಡಪತ್ರಿ ಸೋರಿರಬೇಕು ಎಂದೆ. ಆ ವಾರವೇ ಮನೆಯಲ್ಲಿ ಹಾಲು ತಳ ಹಿಡಿದು ಹೊತ್ತಿತು. ಹೆಂಡತಿ ಹಿತ್ತಲಿನಿಂದ ಓಡಿ ಬಂದು, “ಮನಿ ತುಂಬ ವಾಸನಿ ಅದ. ಇಲ್ಲೇ ಕುಂತೀರಿ, ಗೊತ್ತಾಗಿಲ್ಲೇನ್ರಿ?” ಅಂದಳು. ಫೋನಿನಲ್ಲಿದ್ದೆ ಎಂದು ಹೇಳಿದೆ. ಫೋನು ಜೇಬಿನಲ್ಲಿತ್ತು.

ಅಂದಿನಿಂದ ಕುಂತಲ್ಲಿ ಕುಂದರಲಾಗಲಿಲ್ಲ. ಸೋಪು ಮೂಸಿದೆ, ಎಣ್ಣೆ ಡಬ್ಬಿ ಮೂಸಿದೆ, ಸಿಕ್ಕಿತು ಅನ್ನಿಸುತ್ತಿತ್ತು, ಇಲ್ಲ ಅನ್ನಿಸುತ್ತಿತ್ತು. ಸೋಪು ಅಂತ ಕಣ್ಣಿಗೆ ಗೊತ್ತಿದ್ದ ಮೇಲೆ ಮನಸ್ಸೇ ವಾಸನೆ ಹುಟ್ಟಿಸಿಬಿಡುತ್ತದೆ. ಗೋದಾಮಿಗೆ ಹೋದರೆ ಮೆಣಸಿನಕಾಯಿ ಧೂಳಿಗೆ ಸೀನು ಬರುತ್ತಿತ್ತು. ಸೀನು ಬರುತ್ತದೆ ಎಂದರೆ ಮೂಗು ಇದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಮ್ಮ ಯಾದಗಿರಿಯಲ್ಲೇ ಮೂಗಿನ ಡಾಕ್ಟರಿದ್ದಾರೆ, ಫೀಸೂ ಹೆಚ್ಚಲ್ಲ. ಆದರೆ ಅವರ ಬಾಗಿಲ ಮುಂದಿನ ಬೆಂಚು ರಸ್ತೆಗೇ ಮುಖ ಮಾಡಿದೆ, ಆ ರಸ್ತೆಯಲ್ಲಿ ಇಡೀ ಬಜಾರು ಓಡಾಡುತ್ತದೆ. ಮೂಗಿನ ವ್ಯಾಪಾರಿ ಮೂಗಿನ ಡಾಕ್ಟರ ಬೆಂಚಿನ ಮೇಲೆ ಕುಳಿತರೆ ಸಂಜೆಗೆ ಅಂಗಡಿ ಮುಚ್ಚಿದಂತೆ.

ಸಿಮೆಂಟ್ ವ್ಯಾಪಾರದ ಗೆಳೆಯನೊಬ್ಬ ಹಿಂದೆ ಹೈದರಾಬಾದಿನಲ್ಲಿ ಕುಡಿದು ಬಂದಿದ್ದ ಹೊಗೆಯ ವಿಸ್ಕಿ ನೆನಪಾಯಿತು. ಸ್ಕಾಟ್ಲೆಂಡಿನವರು ಜೌಗು ನೆಲದ ಕಪ್ಪು ಮಣ್ಣನ್ನು ಇಟ್ಟಿಗೆಯಂತೆ ಕೊಯ್ದು, ನಮ್ಮ ಸಗಣಿ ಕುಳ್ಳಿನ ಹಾಗೆ ಒಣಗಿಸಿ ಉರಿಸುತ್ತಾರಂತೆ. ಆ ಹೊಗೆಯನ್ನು ಮೊಳಕೆ ಬಾರ್ಲಿಗೆ ಕುಡಿಸಿ, ಆ ಬಾರ್ಲಿಯೊಂದರಿಂದಲೇ ಭಟ್ಟಿ ಇಳಿಸುತ್ತಾರಂತೆ. “ಮುಚ್ಚಳ ತೆಗದ್ರ ಬಾಜೂ ಮನಿಯವ ಬೆಂಕಿ ಬಿದ್ದದ ಅಂತ ಎದ್ದು ಬರ್ತಾನ,” ಎಂದಿದ್ದ. ಅಂಥದ್ದೂ ತಿಳಿಯದಿದ್ದರೆ ಮುಗಿಯಿತು. ಆದರೆ ನಾನೇ ಸುರಿದುಕೊಂಡರೆ ಮತ್ತೆ ಸೋಪಿನ ಕಥೆಯೇ. ಬೇರೆಯವರು ಸುರಿಯಬೇಕು, ನನಗೆ ಗೊತ್ತಿರಬಾರದು. “ಇಷ್ಟು ರೇಟಿಗೆ ಮಾಲು ಹೌದೋ ಅಲ್ಲೋ, ಹೆಸರು ಕಾಣದಂಗ ಪರೀಕ್ಷಾ ಮಾಡೂಣು,” ಎಂದು ಗೆಳೆಯರನ್ನು ಕರೆದೆ. ನನ್ನ ಬಾಯಲ್ಲಿ ಆ ಮಾತನ್ನು ಯಾರೂ ಅನುಮಾನಿಸಲಿಲ್ಲ.

ಭಾನುವಾರ ಮಧ್ಯಾಹ್ನ, ಸುರಪುರದ ರಂಗಂಪೇಟೆಯಲ್ಲಿ, ನಿವೃತ್ತ ವಿಜ್ಞಾನ ಮೇಷ್ಟ್ರ ಮನೆಯ ಮಹಡಿ. ಮೇಷ್ಟ್ರು ಕುಡಿಯುವುದಿಲ್ಲ, ಸುರಿಯುವ ಕೆಲಸ ಅವರದು. ಸಿಮೆಂಟಿನವನು, ನಾನು, ಮತ್ತು ಊರೂರ ಸಂತೆಗಳಲ್ಲಿ ಕುರಿ ವ್ಯಾಪಾರ ಮಾಡುವ ನನ್ನ ಹಳೆಯ ದೋಸ್ತ, ಮೂವರು ಪರೀಕ್ಷೆಗೆ. ಬಣ್ಣ ಕಾಣದಿರಲಿ ಎಂದು ಸ್ಟೀಲ್ ಲೋಟ. ಒಬ್ಬೊಬ್ಬನಿಗೆ ಮೂರು: ಒಂದರಲ್ಲಿ ಹೊಗೆಯದು, ಎರಡರಲ್ಲಿ ದಿನದ ಮಾಮೂಲಿ ವಿಸ್ಕಿ. ಮೂವರಿಗೂ ಒಂದೇ ಆದ ಹೊಗೆಯ ಲೋಟದ ನಂಬರನ್ನು ಚೀಟಿಯಲ್ಲಿ ಬರೆದು ಮೇಷ್ಟ್ರು ಜೇಬಿಗಿಟ್ಟುಕೊಂಡರು. ಮರುದಿನ ಬೆಳಿಗ್ಗೆ ಶಹಾಪುರದಲ್ಲಿ ಅರವತ್ತು ಚೀಲ ಮಾಲು ನನ್ನ ‘ಹೂಂ’ಗೆ ಕಾಯುತ್ತಿತ್ತು. ನಾನು ಎರಡು ಸಲ ಎದ್ದು ಕಿಟಕಿಗೆ ಹೋಗಿ ಬಂದೆ.

“ಕುಂದರಪ ಸಾವ್ಕಾರ, ನೀನೇನು ಹೆಣ್ಣು ನೋಡಾಕ ಬಂದೀಯೇನು,” ಎಂದು ಕುರಿಯವನು ನನ್ನ ಅಂಗಿ ಹಿಡಿದೆಳೆದು ಕೂಡಿಸಿದ. “ಬಾಯಿಲೆ ಯಾರೂ ನಂಬರ್ ಹೇಳಬ್ಯಾಡ್ರಿ. ಒಬ್ಬರದು ಕೇಳಿ ಇನ್ನೊಬ್ಬರು ಹೇಳ್ತೀರಿ. ಟವೆಲ್ ಒಳಗ ನನ್ನ ಕೈಗೆ ಹೇಳ್ರಿ.”

ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಿ ಬಿಟ್ಟು ಆಡುವುದಿಲ್ಲ. ಮಾರುವವನು, ಕೊಳ್ಳುವವನು ಟವೆಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಹಿಡಿದು ಕೇಳುತ್ತಾರೆ, ಎಷ್ಟು ಬೆರಳೋ ಅಷ್ಟು ಬೆಲೆ. ಸುತ್ತ ನಿಂತವರಿಗೆ ಏನೂ ತಿಳಿಯಬಾರದು.

ಮೊದಲ ಲೋಟ ಮೂಗಿನ ಹತ್ತಿರ ಹಿಡಿದೆ. ಚುರ್ ಅಂದಿತು. ಎರಡನೆಯದೂ ಚುರ್ ಅಂದಿತು. ಮೂರನೆಯದೂ. ಗುಟುಕರಿಸಿದೆ: ಮೂರೂ ಗಂಟಲು ಸುಟ್ಟವು. ಸಿಮೆಂಟಿನವನು ಆಗಲೇ ನಗುತ್ತ ತಲೆ ಕೊಡವುತ್ತಿದ್ದ. ಅವನು ಟವೆಲಿಗೆ ಕೈ ಹಾಕಿ ತೆಗೆದದ್ದು ಒಂದು ಗಳಿಗೆಯಲ್ಲಿ ಮುಗಿಯಿತು.

ನನ್ನ ಸರದಿ. ಏನೂ ಗೊತ್ತಿಲ್ಲದ ಮಾಲಿಗೆ ಕೆಳಗಿನಿಂದ ಶುರು ಮಾಡುವುದು ನನ್ನ ಅಭ್ಯಾಸ. ಕುರಿಯವನ ಒಂದು ಬೆರಳು ಹಿಡಿದೆ. ಅವನು ತಲೆ ಅಡ್ಡ ಅಲ್ಲಾಡಿಸಿ ನನ್ನ ಕೈಯಲ್ಲಿ ಮೂರು ಒತ್ತಿದ. ನನಗೆ ಜೀವ ಬಂತು. ನಮ್ಮಲ್ಲಿ ಹೆಚ್ಚು ಕುಡಿಯುವವನು ಅವನೇ, ಅವನಿಗೆ ಗೊತ್ತಿರುತ್ತದೆ. ಮನಸ್ಸಿಲ್ಲದವನ ಹಾಗೆ ಸ್ವಲ್ಪ ತಡೆದು ಮೂರು ಒತ್ತಿ ಕೈ ತೆಗೆದೆ.

ಮೇಷ್ಟ್ರು ಚೀಟಿ ಬಿಚ್ಚಿದರು. ಎರಡು.

“ಎರಡನೇದ್ದೇ. ಮೂಗು ಕಟ್ಟಿದ ಕುರಿಗೂ ತಿಳೀತದ,” ಎಂದ ಕುರಿಯವನು.

“ಮತ್ತ ನನಗ ಮೂರು ಯಾಕ ಒತ್ತಿದಿ?”

“ನೀ ಒಂದಕ್ಕ ಹಿಡದಿ. ಒಂದಕ್ಕ ಹಿಡದವಗ ನಾ ಒಮ್ಮೆಲೆ ಎರಡು ಅಂತೀನೇನು? ಮೂರು ಅಂದ್ರ ಎರಡಕ್ಕ ಬರ್ತಿ ಅಂತ ಮಾಡಿದ್ದೆ. ನಿನ್ನಂಥವ ಮೂರಕ್ಕ ಹೂಂ ಅಂದ ಅಂದ್ರ…” ಎನ್ನುತ್ತ ನನ್ನ ಮುಖ ನೋಡಿದ. ಆಮೇಲೆ ಒಂದು ಲೋಟ ತೆಗೆದು, ಒಳಗಿನದು ಕಾಣದಂತೆ ಅಂಗೈ ಅಡ್ಡ ಹಿಡಿದು, ನನ್ನ ಮೂಗಿಗೊಡ್ಡಿದ. “ಏನ್ ವಾಸನಿ ಬರ್ತದ?”

“ಹೊಗಿದು.”

“ಇದು ಮೇಷ್ಟ್ರು ನೀರು ಕುಡಿಯೋ ಲೋಟಪ,” ಎಂದ. ಈ ಸಲ ದನಿಯಲ್ಲಿ ಚೇಷ್ಟೆ ಇರಲಿಲ್ಲ. ಸಿಮೆಂಟಿನವನು ಗೋಡಂಬಿ ಅಗಿಯುವುದನ್ನು ನಿಲ್ಲಿಸಿದ.

ಹೇಳಿದೆ. ಹನ್ನೊಂದು ಚೀಲ, ಹಾಲು, ಬೆಂಚು, ಎಲ್ಲ. “ಆದ್ರ ಸೀನು ಬರ್ತದಲ್ರಿ ಸರ,” ಎಂದೆ ಮೇಷ್ಟ್ರಿಗೆ.

“ಉರಿ ಬ್ಯಾರೆ, ವಾಸನಿ ಬ್ಯಾರೆ. ಮೆಣಸಿನಕಾಯಿದು ಉರಿ, ಕುಡಿಯೋ ಸೆರೆದೂ ಉರಿ. ವಾಸನಿ ಹೋದವಗೂ ಉರಿ ಹತ್ತೇ ಹತ್ತತದ. ಹೋಗಿ ಹೋಗಿ ಆ ಎರಡನ್ನೇ ನಂಬೀದಿ ನೋಡು,” ಎಂದರು ಅವರು.

“ನಾಳಿ ಅರವತ್ತು ಚೀಲ ಅದಾವು,” ಎಂದು ಕುರಿಯವನ ಕಡೆ ತಿರುಗಿದೆ. “ನೀ ಬಾ ನನ್ನ ಜೋಡಿ.”

“ನಾ ಬಂದು ಏನ್ ಮೂಸಲಿ, ಕುರಿದೊಡ್ಡಿ ವಾಸನಿ ಬಿಟ್ರ ನನಗೇನು ತಿಳೀತದ,” ಎಂದ ಕುರಿಯವನು. “ಹಾಲು ಹೊತ್ತಿದ್ದು ಯಾರಿಗೆ ತಿಳೀತು? ಅತ್ತಿಗಿನ್ನ ಕರಕೊಂಡು ಹೋಗು.”

ಸೋಮವಾರ ಹೆಂಡತಿಯನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಶಹಾಪುರಕ್ಕೆ ಹೋದೆ. ದಾರಿಯಲ್ಲಿ ಎಲ್ಲ ಹೇಳಿದಾಗ ಅವಳು, “ನನಗ ಆವತ್ತೇ ಗೊತ್ತಾಗಿತ್ತು. ಕೇಳಿದ್ರ ಬೈತೀರಿ ಅಂತ ಸುಮ್ಮಿದ್ದೆ,” ಅಂದಳು. ಮಾಲಿನವನು ಅವಳನ್ನು ನೋಡಿ, “ಇವತ್ತ ಮನಿಯವ್ರನ್ನೂ ಕರಕೊಂಡು ಬಂದೀರಲ್ರಿ ಮಾಲಕ್ರ,” ಎಂದು ನಕ್ಕ. ನಾನು ಕಾಯಿ ಮುರಿದೆ, ಅವಳು ಹಿಡಿ ತೆಗೆದು ಮೂಸಿದಳು. ಒಂಬತ್ತು ಚೀಲಗಳ ಹತ್ತಿರ ಸೆರಗು ಮೂಗಿಗೆ ಹೋಯಿತು. ಬಿಚ್ಚಿ ಸುರುವಿದರೆ ನಡುವಿನ ಕಾಯಿಗಳ ತೊಟ್ಟಿನಲ್ಲಿ ಬೆಳ್ಳಗೆ ಬೂಸಲು. ಮಾಲಿನವನು ನಗು ನಿಲ್ಲಿಸಿದ. ಐವತ್ತೊಂದು ತೂಕಕ್ಕೆ ಹೋದವು.

ಬರುವ ದಾರಿಯಲ್ಲೇ ಡಾಕ್ಟರ ಬೆಂಚಿನ ಮೇಲೆ ಕುಳಿತೆ. ಮೂಗಿನೊಳಗೆ ಬಾವು ಇತ್ತು. ಔಷಧಿಯಿಂದ ವಾಸನೆ ಅರ್ಧ ಮರಳಿದೆ, ಉಳಿದರ್ಧ ಹೆಂಡತಿಯದು. ಬೆಂಚಿನ ಮೇಲೆ ನೋಡಿದವರು ನಾಲ್ಕು ಜನ ಕೇಳಿದರು, ಹೇಳಿದೆ. ಅಂಗಡಿ ಮುಚ್ಚಲಿಲ್ಲ.

ನಿಮಗೂ ಅನುಮಾನ ಬಂದರೆ ಆರು ಸಾವಿರ ಖರ್ಚು ಮಾಡಬೇಡಿ. ಕಣ್ಣು ಮುಚ್ಚಿಕೊಳ್ಳಿ, ತುಪ್ಪ, ಕಾಫಿಪುಡಿ, ಕೊಬ್ಬರಿ ಎಣ್ಣೆ, ಇವುಗಳಲ್ಲಿ ಯಾವುದೆಂದು ಹೇಳದೆ ಒಂದೊಂದೇ ಹಿಡಿಯಲು ಮನೆಯವರಿಗೆ ಹೇಳಿ. ಉರಿಯುವ ಯಾವುದನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ತಿಳಿಯದಿದ್ದರೆ ಅದೇ ವಾರ ಡಾಕ್ಟರ ಹತ್ತಿರ ಹೋಗಿ, ನಾನು ಮಾಡಿದಷ್ಟು ತಡ ಮಾಡಬೇಡಿ. ಅದಕ್ಕೂ ಮೊದಲು ಮನೆಯಲ್ಲಿ ಹೇಳಿ, ಅವರಿಗೆ ಆಗಲೇ ಗೊತ್ತಿರುತ್ತದೆ. ಇನ್ನು ಮಾಲು ಗೊತ್ತಿಲ್ಲದೆ ಟವೆಲಿನ ಕೆಳಗೆ ಕೈ ಹಾಕುವ ಪ್ರಸಂಗ ಬಂದೇ ಬಂದರೆ, ಎದುರಿನವನು ಹೇಳಿದ್ದಕ್ಕೆ ಒಪ್ಪಬೇಡಿ. ಅವನದಕ್ಕೂ ನಿಮ್ಮದಕ್ಕೂ ನಡುವಿನದಕ್ಕೆ ಕುದುರಿಸಿ.