ಬ್ಯಾಟರಿ ಕೋಣೆಗೆ ದೀಪ

ಡೊಂಬಿವಲಿಯಿಂದ ಕಲ್ಯಾಣದವರೆಗಿನ ಉಡುಪಿ ಹೋಟೆಲುಗಳಲ್ಲಿ ಪ್ರೇಮನಾಥನ ಮೂಗಿಗಿದ್ದ ಬೆಲೆ ಸ್ವತಃ ಪ್ರೇಮನಾಥನಿಗೂ ಇರಲಿಲ್ಲ. ಎರಡು ಸಾವಿರದ ಐದರ ಸುಮಾರಿಗೆ, ದಿನಕ್ಕೆ ನಾಲ್ಕೈದು ಗಂಟೆ ಲೋಡ್ ಶೆಡ್ಡಿಂಗ್ ಇದ್ದ ಕಾಲದಲ್ಲಿ, ಇನ್ವರ್ಟರ್ ಬ್ಯಾಟರಿಗಳಿಗೆ ಡಿಸ್ಟಿಲ್ಡ್ ವಾಟರ್ ಹಾಕುತ್ತ ಲೋಕಲ್ ರೈಲಿನಲ್ಲಿ ತಿರುಗಿದವನು. ಆಮೇಲೆ ಟೆರೇಸಿಗೆ ಸೋಲಾರ್ ಬಂತು. ಹಗಲಿನ ಬಿಸಿಲನ್ನು ಸಂಜೆಯ ಗಿರಾಕಿಗಳಿಗೆ ಉಳಿಸಿಡಲು ಇಪ್ಪತ್ತು ಮೂವತ್ತು ಬ್ಯಾಟರಿಗಳು ಬಂದವು. ಜಾಗ ಎಲ್ಲಿದೆ? ಮೆಟ್ಟಿಲ ಕೆಳಗೆ, ಕಿಟಕಿಯಿಲ್ಲದ ಉಗ್ರಾಣದಲ್ಲಿ ತುರುಕಿದರು. ಬಿಸಿಲು ಪುಕ್ಕಟೆ ಎಂದು ಹಿಗ್ಗಿದವರು ಬ್ಯಾಟರಿಗೂ ಗಾಳಿ ಬೇಕೆಂದರೆ ಕಿವಿಗೇ ಹಾಕಿಕೊಳ್ಳಲಿಲ್ಲ.

ಚಾರ್ಜು ಅತಿಯಾದರೆ ಬ್ಯಾಟರಿ ಕುದಿಯುತ್ತದೆ. ಆಗ ಹೊರಡುವ ಗ್ಯಾಸು ಕೋಣೆಯಲ್ಲಿ ತುಂಬಿಕೊಂಡರೆ ಸಿಡಿಯಲು ಒಂದು ಕಿಡಿ ಸಾಕು. ಜೊತೆಗೇ ಬರುವ, ಕೊಳೆತ ಮೂಲಂಗಿಯಂಥ ಕೆಟ್ಟ ವಾಸನೆಯನ್ನು ಪ್ರೇಮನಾಥ ಬಾಗಿಲಲ್ಲೇ ಹಿಡಿಯುತ್ತಿದ್ದ. ಹಾಗಾಗಿ ಆಯುಧಪೂಜೆಯ ದಿನ ಗ್ರೈಂಡರಿನ ಹಾಗೆ ಬ್ಯಾಟರಿಗೂ ಕುಂಕುಮ ಹಚ್ಚಿ ದೀಪ ಇಡುವ ಮೊದಲು ಅವನು ಬಂದು ಮೂಸಿ, ಅಡ್ಡಿಯಿಲ್ಲ ಎನ್ನಬೇಕು. ಅದೂ ಪೂಜೆಯ ಒಂದು ಶಾಸ್ತ್ರವೇ ಆಗಿಬಿಟ್ಟಿತ್ತು.

ಆ ಮೂಗು ಸತ್ತು ಒಂದು ವರ್ಷವಾಗಿತ್ತು. ಅಷ್ಟು ಕಾಲ ಆ್ಯಸಿಡ್ಡಿನ ಹಬೆ ಕುಡಿದದ್ದಕ್ಕೆ ಮೊದಲು ಮಲ್ಲಿಗೆಯ ವಾಸನೆ ಹೋಯಿತು, ಆಮೇಲೆ ಒಗ್ಗರಣೆಯದು, ಕಡೆಗೆ ಎಲ್ಲವೂ. ಹೆಂಡತಿ ಜಯಲತಾಳಿಗೂ ಹೇಳಲಿಲ್ಲ. ಸುದ್ದಿ ಹೊರಬಿದ್ದರೆ ಯಾವ ಹೋಟೆಲಿನವರು ಒಳಗೆ ಬಿಟ್ಟಾರು? ಪುಣ್ಯಾತ್ಮ, ಮೂಸಿದಂತೆ ಮಾಡಿ ತಲೆಯಾಡಿಸುತ್ತಿದ್ದ. ಒಂದು ವರ್ಷ ಅವನ ಅದೃಷ್ಟ ಕೈಬಿಡಲಿಲ್ಲ.

ಎರಡು ಸಾವಿರದ ಹದಿನಾರರ ಆಯುಧಪೂಜೆ. ಅಕ್ಟೋಬರಿನ ಬಿಸಿಲು ಸುಡುತ್ತಿತ್ತು. ಎಲ್ಲ ಕಡೆಯೂ ಪೂಜೆ ಹನ್ನೆರಡಕ್ಕೆ. ಪ್ರೇಮನಾಥ ಎಂಟು ಹೋಟೆಲು ಮುಗಿಸಿ ಒಂಬತ್ತನೆಯದಾಗಿ ಡೊಂಬಿವಲಿಯ ಹೃಷೀಕೇಶ ರಾಯರ ಹೋಟೆಲಿಗೆ ಬಂದ. ಬ್ಯಾಟರಿ ಕೋಣೆಗೆ ಇಣುಕಿದ, ಮೂಸಿದ, ಅಡ್ಡಿಯಿಲ್ಲ ಎಂದ. ಉರಿಯುವ ದೀಪ ಹಿಡಿದು ಬರುತ್ತಿದ್ದ ರಾಯರ ಹೆಂಡತಿ ಊರ್ಮಿಳಾ ನಾಲ್ಕು ಹೆಜ್ಜೆ ದೂರದಲ್ಲೇ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಇವತ್ತು ಮೂಲಂಗಿ ಸಾಂಬಾರು ಮಾಡ್ಲೇ ಇಲ್ಲ ಪ್ರೇಮನಾಥಣ್ಣ. ಮತ್ತೆ ಇದೆಂತ ವಾಸನೆ?"

ಅವನು ದೀಪ ಕಸಿದುಕೊಂಡು ರಸ್ತೆಗೆ ಓಡಿ ಅಂಗೈಯಿಂದಲೇ ಆರಿಸಿದ. ಕೈ ಸುಟ್ಟದ್ದು ಗೊತ್ತಾಗಲಿಲ್ಲ. ಬಾಗಿಲು ತೆರೆದೇ ಇಡಿ, ಸ್ವಿಚ್ಚು ಮುಟ್ಟಬೇಡಿ ಎಂದು ಕೂಗಿದ. ಓಡಿಬಂದ ರಾಯರು ಅವನ ಭುಜ ಹಿಡಿದು, ನಿನ್ನಿಂದ ಇವಳ ಜೀವ ಉಳಿಯಿತು ಎಂದರು. ಆ ಹೊಗಳಿಕೆಯನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ.

"ನಂಗೆ ವಾಸನೆ ಬರುದಿಲ್ಲ ರಾಯರೇ. ವರ್ಷ ಆಯ್ತು. ಬೆಳಿಗ್ಗೆಯಿಂದ ಎಂಟು ಕಡೆ ಅಡ್ಡಿಯಿಲ್ಲ ಅಂತ ಹೇಳಿ ಬಂದಿದ್ದೇನೆ."

ಭುಜದ ಮೇಲಿದ್ದ ಕೈ ಕೆಳಗಿಳಿಯಿತು. ರಾಯರು ಗಡಿಯಾರ ನೋಡಿದರು, ಹನ್ನೆರಡಕ್ಕೆ ಏಳು ನಿಮಿಷ ಬಾಕಿ. ಇಬ್ಬರೂ ತಮ್ಮ ತಮ್ಮ ಫೋನು ತೆಗೆದರು. ಏಳು ಕಡೆಯವರು ಎತ್ತಿದರು, ವಿಷಯ ತಿಳಿದು ಬೈದರು, ದೀಪ ಆರಿಸಿದರು. ಕಲ್ಯಾಣದ ಶೇಖರನ ಹೋಟೆಲಿನಲ್ಲಿ ಮಾತ್ರ ಫೋನು ಬಡಿದುಕೊಳ್ಳುತ್ತಲೇ ಇತ್ತು. ಪೂಜೆಯ ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ ಎಂದು ರಾಯರು ಸಮಾಧಾನ ಹೇಳಿದರು. ಪ್ರೇಮನಾಥ ಮತ್ತೆ ಮತ್ತೆ ಫೋನು ಹಚ್ಚಿದ.

ಹನ್ನೆರಡು ದಾಟಿ ಎರಡು ನಿಮಿಷಕ್ಕೆ ರಿಂಗು ಅರ್ಧದಲ್ಲೇ ನಿಂತಿತು. ಆಮೇಲೆ ಎಷ್ಟು ಹಚ್ಚಿದರೂ ಲೈನು ಸಿಗಲಿಲ್ಲ.