ಮೀಸೆ ಬಾರದ ಹಕ್ಕಿ

ನನ್ನ ಗಂಡನಿಗೆ ಶಿಕಾರಿಯ ಹುಚ್ಚು. ಘಟ್ಟದ ಬುಡದ ಊರಿನಲ್ಲಿ ಸೋದರಮಾವನ ಹಿಂದೆ ಕೋವಿ ಹೊತ್ತು ತಿರುಗಿ ಬೆಳೆದವರು. ಅಮೆರಿಕಕ್ಕೆ ಬಂದು, ಕ್ರ್ಯಾನ್‌ಬರಿಯ ಔಷಧ ಕಂಪನಿಯಲ್ಲಿ ಇಂಜಿನಿಯರ್ ಆಗಿ, ಹಿಲ್ಸ್‌ಬರೋದಲ್ಲಿ ಮನೆ ಕೊಂಡ ಮೇಲೂ ಅದು ಬಿಟ್ಟುಹೋಗಲಿಲ್ಲ. ಎಂಬತ್ತರ ದಶಕದಲ್ಲಿ ನ್ಯೂಜೆರ್ಸಿಯ ಕಾಡುಗಳಲ್ಲಿ ಟರ್ಕಿ ಕೋಳಿಗಳು ಮತ್ತೆ ಹೆಚ್ಚತೊಡಗಿದ್ದವು. ಪರ್ಮಿಟ್ ಸಿಕ್ಕ ವರ್ಷ ಮೇ ತಿಂಗಳಲ್ಲಿ ರಜೆ ಹಾಕಿ, ರಾಜ್ಯದ ವಾಯವ್ಯ ಮೂಲೆಯ ಗುಡ್ಡಗಳಿಗೆ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದರು. ಅಲ್ಲಿ ಹಸು ಸಾಕಿಕೊಂಡಿದ್ದ ಒಬ್ಬ ಮುದುಕ ತನ್ನ ಜಮೀನಿನ ಹಿಂದಿನ ಕಾಡಿನಲ್ಲಿ ಕೂರಲು ಇವರಿಗೆ ಅನುಮತಿ ಕೊಟ್ಟಿದ್ದ.

ಹೆಚ್ಚಿನ ಸಲ ಬರಿಗೈಯಲ್ಲೇ ಮರಳುತ್ತಿದ್ದರು. ಹಕ್ಕಿ ಎದುರಿಗೆ ಬರಲಿಲ್ಲವೆಂದಲ್ಲ. ಬಂದದ್ದನ್ನು ಇವರು ಬಿಟ್ಟುಬಿಡುತ್ತಿದ್ದರು. ವಸಂತದ ಬೇಟೆಯಲ್ಲಿ ಹೊಡೆಯುವುದು ಗಂಡು ಹಕ್ಕಿಯನ್ನು. ಬಲಿತ ಗಂಡಿಗೆ ಎದೆಯಿಂದ ಕುದುರೆ ಬಾಲದ ಕೂದಲಿನಂಥ ಗಡ್ಡ ಜೋತಾಡುತ್ತದೆ. ಹಿಂದಿನ ವರ್ಷವಷ್ಟೇ ಮೊಟ್ಟೆಯೊಡೆದ ಗಂಡಿಗೆ ಅದು ಬೆರಳುದ್ದ ಮೊಳೆತಿರುತ್ತದೆ, ಅಷ್ಟೆ. ಅದನ್ನು ಹೊಡೆದರೂ ತಪ್ಪಲ್ಲ, ಎಷ್ಟೋ ಜನ ಹೊಡೆದು ಖುಷಿಯಾಗಿ ಮನೆಗೆ ಹೋಗುತ್ತಾರೆ. ಇಲ್ಲಿಯವರು ಅದನ್ನು ಜೇಕ್ ಅನ್ನುತ್ತಾರೆ. ನಮ್ಮವರು ಮಾತ್ರ "ಮೀಸೆ ಬಾರದ ಹುಡುಗ" ಅನ್ನುತ್ತಿದ್ದರು.

"ಮೀಸೆ ಬಾರದವನ ಮೇಲೆ ಕೋವಿ ಎತ್ತುವುದು ಎಂತ ಶಿಕಾರಿ ಮಾರಾಯ್ತಿ? ಬರುವ ವರ್ಷ ದೊಡ್ಡವನಾಗ್ತಾನೆ, ಆಗ ನೋಡುವ" ಎಂದು ಬೂಟಿನ ಕೆಸರು ಒರೆಸುತ್ತಾ ಹೇಳುವರು. ಅಂಥ ದಿನ ನಾನು ಮೀನಿನ ಸಾರು ಮಾಡುತ್ತಿದ್ದೆ.

ತೊಂಬತ್ತರ ದಶಕ ಶುರುವಾದ ಹೊಸತರಲ್ಲಿ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿಯಿತು. ಚಳಿಗಾಲದಲ್ಲಿ ಆಪರೇಶನ್ ಆಯಿತು. ತೆರೆದು ನೋಡಿದ ಡಾಕ್ಟರು ಎಲ್ಲವನ್ನೂ ತೆಗೆಯಲಾಗಲಿಲ್ಲ ಎಂದು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. ಊರಿನಲ್ಲಾದರೆ ಒಬ್ಬರಿಂದ ಒಬ್ಬರು ಮುಚ್ಚಿಡಬಹುದಿತ್ತು. ಇಲ್ಲಿ ಇಬ್ಬರಿಗೂ ಗೊತ್ತಿತ್ತು. ಆದರೂ ಮನೆಗೆ ಬಂದು ಮುಚ್ಚಿಟ್ಟವರಂತೆಯೇ ಬದುಕಿದೆವು. ಬೇಸಿಗೆ ಕಳೆಯುವುದು ಕಷ್ಟ ಎಂಬ ಡಾಕ್ಟರ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಏಪ್ರಿಲ್ ಕೊನೆಗೆ ಅವರು ಕೋವಿಗೆ ಎಣ್ಣೆ ಹಾಕುತ್ತಾ ಕೂತದ್ದನ್ನು ನೋಡಿದೆ.

"ಒಬ್ಬರೇ ಹೋಗ್ಲಿಕ್ಕೆ ನಾನು ಬಿಡುವುದಿಲ್ಲ" ಎಂದೆ.

"ಒಬ್ಬನೇ ಹೋಗ್ತೇನೆ ಅಂತ ಯಾರು ಹೇಳಿದ್ದು? ನೀನೇ ಡ್ರೈವ್ ಮಾಡು."

ಮದುವೆಯಾಗಿ ಅಷ್ಟು ವರ್ಷಗಳಲ್ಲಿ ನಾನು ಅವರ ಜೊತೆ ಕಾಡಿಗೆ ಹೋದದ್ದು ಅದೊಂದೇ ಸಲ. ಶಾಲೆಗೆ ಹೋಗುವ ನಮ್ಮ ಮಗಳನ್ನು ಹಿಂದಿನ ರಾತ್ರಿಯೇ ಪಕ್ಕದ ಮನೆಯಲ್ಲಿ ಬಿಟ್ಟು ಹೊರಟೆವು. ಮುದುಕನ ಕೊಟ್ಟಿಗೆಯ ಹತ್ತಿರ ಕಾರು ನಿಲ್ಲಿಸಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಅವರದೇ ಒಂದು ಹಸಿರು ಜಾಕೆಟ್ಟು ನನಗೆ ಹಾಕಿಸಿದರು. ಟಾರ್ಚಿನ ಬೆಳಕನ್ನು ನನ್ನ ಹಣೆಯ ಮೇಲೆ ನಿಲ್ಲಿಸಿದರು. ಟರ್ಕಿ ಬೇಟೆಗೆ ಹೋಗುವವರು ಮೈಮೇಲೆ ಕೆಂಪು ಹಾಕಬಾರದು. ಗಂಡು ಹಕ್ಕಿಯ ತಲೆ ಕೆಂಪು, ದೂರದಲ್ಲಿರುವ ಇನ್ನೊಬ್ಬ ಬೇಟೆಗಾರ ಮೋಸಹೋಗಿ ಗುಂಡು ಹಾರಿಸಿದರೆ ಮುಗಿಯಿತು. ನನ್ನ ಹಣೆಯಲ್ಲಿ ಕುಂಕುಮವಿತ್ತು.

"ಒರೆಸಲಾ?" ಎಂದೆ.

"ಬೇಡ. ಒರೆಸಬೇಡ" ಎಂದರು. ಮುಖಕ್ಕೆ ಹಾಕುವ ಹಸಿರು ಬಲೆಯನ್ನು ತಮ್ಮ ಕೈಯಿಂದಲೇ ನನ್ನ ತಲೆಯ ಮೇಲಿಂದ ಎಳೆದು, ಹಣೆ ಮುಚ್ಚುವ ಹಾಗೆ ಸರಿಮಾಡಿದರು. ಆ ಕೈ ಎಷ್ಟು ಹಗುರವಾಗಿಬಿಟ್ಟಿತ್ತೆಂದು ನನಗೆ ಗೊತ್ತಾದದ್ದು ಆಗ.

ಗುಡ್ಡ ಹತ್ತುವಾಗ ಮತ್ತೆ ಮತ್ತೆ ಕೂತರು. ಕೊನೆಗೆ ಒಂದು ದಪ್ಪ ಓಕ್ ಮರಕ್ಕೆ ಇಬ್ಬರೂ ಒರಗಿ ಕೂತೆವು. ಅವರೂ ತಮ್ಮ ತೆಳು ಬಲೆಯನ್ನು ಮುಖಕ್ಕೆ ಎಳೆದುಕೊಂಡರು. ಬೆಳಕಾಗುತ್ತಿದ್ದ ಹಾಗೆ ಅವರು ಜೇಬಿನಿಂದ ಮರದ ಸಣ್ಣ ಪೆಟ್ಟಿಗೆ ತೆಗೆದು, ಅದರ ಮುಚ್ಚಳವನ್ನು ಮೆಲ್ಲನೆ ಉಜ್ಜಿ ಹೇಂಟೆಯ ಕೂಗು ಕೂಗಿಸಿದರು. ತೊರೆಯ ಆಚೆಯಿಂದ ಒಂದು ಗಂಡು ಕಾಡೆಲ್ಲ ಕೇಳುವ ಹಾಗೆ ಉತ್ತರ ಕೊಟ್ಟಿತು. ಅವರ ಕಣ್ಣು ಹೊಳೆಯಿತು.

"ಇದು ಮುದಿ ಗಂಡು. ಸ್ವರ ಕೇಳು."

ಆದರೆ ಅದು ತೊರೆ ದಾಟಲಿಲ್ಲ. ಆಚೆ ಅದಕ್ಕೆ ಹೇಂಟೆಗಳ ಜೊತೆ ಇದ್ದಿರಬೇಕು. ಇವರು ಕರೆದರು, ಅದು ಕೂಗಿತು, ಇದ್ದಲ್ಲೇ ಇತ್ತು. ಬಿಸಿಲೇರಿದ ಮೇಲೆ ಕೂಗು ದೂರವಾಗಿ ನಿಂತೇಹೋಯಿತು. ಮಧ್ಯಾಹ್ನದೊಳಗೆ ಬೇಟೆ ಮುಗಿಸಬೇಕೆಂಬ ಕಾನೂನು ಬೇರೆ. ನೋವಿಗೆ ಬಲೆಯೊಳಗೆ ಅವರ ಮುಖ ಬೂದಿಯಂತಾಗಿತ್ತು. ಹೊರಡುವ ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಎಡಗಡೆಯ ಪೊದೆಗಳ ನಡುವಿನಿಂದ ಸದ್ದಿಲ್ಲದೆ ಒಂದು ಹಕ್ಕಿ ಹೊರಬಂತು. ನೀಳ ಕಾಲು, ಚಿಕ್ಕ ತಲೆ, ಎದೆಯಲ್ಲಿ ಗಿಡ್ಡ ಕುಚ್ಚು. ಯಾರು ಕರೆದದ್ದೆಂದು ಹುಡುಕುವಂತೆ ಕತ್ತು ಚಾಚಿ ನಿಂತಿತು.

ಕೋವಿ ಮೊಣಕಾಲ ಮೇಲೆ ಸಿದ್ಧವಾಗಿತ್ತು. ಅವರು ಕದಲಲಿಲ್ಲ. ತುಟಿಯಷ್ಟೇ ಆಡಿಸಿ ಕೇಳಿದರು: "ಎಂತ ಮಾಡುವ?"

ಶಿಕಾರಿಯ ವಿಷಯದಲ್ಲಿ ಅವರು ನನ್ನನ್ನು ಎಂದೂ ಏನೂ ಕೇಳಿದವರಲ್ಲ. ಹೊಡೆಯಿರಿ ಎಂದರೆ ನಿಮಗಿನ್ನು ಬೇರೆ ಹಕ್ಕಿ ಇಲ್ಲ ಎಂದ ಹಾಗೆ. ಬಿಡಿ ಎಂದರೆ ಬರುವ ವರ್ಷದ ಸುಳ್ಳನ್ನು ನಾನು ಹೇಳಬೇಕು.

"ನಿಮಗೆ ಹೇಗೆ ಕಾಣ್ತದೆ?" ಎಂದೆ.

ಅವರು ಹಕ್ಕಿಯನ್ನೇ ನೋಡಿದರು. "ಮಗಳು ನಾನು ತಂದದ್ದು ಒಮ್ಮೆಯೂ ತಿನ್ನಲಿಲ್ಲ" ಎಂದರು. "ಸಾಕು. ಇದೇ ಆಗಲಿ."

ನಾನು ಕಿವಿ ಮುಚ್ಚಿಕೊಂಡೆ.

ಹಕ್ಕಿ ಹೆಚ್ಚು ಒದ್ದಾಡಲಿಲ್ಲ. ಅವರು ಕೋವಿ ಖಾಲಿ ಮಾಡಿ ಮರಕ್ಕೊರಗಿಸಿ, ಅದರ ಪಕ್ಕದಲ್ಲಿ ಎಲೆಗಳ ಮೇಲೆ ಕೂತರು. ರೆಕ್ಕೆಯನ್ನು ಬಿಡಿಸಿ ಮಡಚಿದರು. "ಬಿಸಿ ಉಂಟು" ಎಂದರು. ಆಮೇಲೆ ಬಲೆಯನ್ನು ಮುಖದಿಂದ ತೆಗೆಯದೆ ಅತ್ತರು. ಆಪರೇಶನ್ ಆದಾಗ ಅತ್ತವರಲ್ಲ, ಡಾಕ್ಟರು ಹೇಳಿದಾಗಲೂ ಅಲ್ಲ. ನಾನು ಬೆನ್ನ ಮೇಲೆ ಕೈಯಿಟ್ಟೆ. ಜಾಕೆಟ್ಟಿನ ಕೆಳಗೆ ಮೂಳೆ ಸಿಕ್ಕಿತು.

"ಇಷ್ಟಕ್ಕೆ ಒಪ್ಪಿಕೊಂಡೆನಲ್ಲ" ಎಂದರು. "ನನಗೆ ಹೆದರಿಕೆ ಆಗ್ತದೆ."

"ನನಗೂ" ಎಂದೆ. ನಾಲ್ಕೈದು ತಿಂಗಳಲ್ಲಿ ಅದರ ಬಗ್ಗೆ ನಾವು ಆಡಿದ ಮಾತು ಅಷ್ಟೇ. ಹಕ್ಕಿಯನ್ನೂ ಕೋವಿಯನ್ನೂ ನಾನೇ ಹೊತ್ತು ಅವರ ತೋಳು ಹಿಡಿದುಕೊಂಡು ಇಳಿದೆ. ಕೊಟ್ಟಿಗೆಯ ಬಾಗಿಲಲ್ಲಿದ್ದ ಮುದುಕ ಹಕ್ಕಿಯ ಗಿಡ್ಡ ಗಡ್ಡವನ್ನು ನೋಡಿದ, ನನ್ನ ಗಂಡನನ್ನು ನೋಡಿದ, ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಮರುದಿನ ತೆಂಗಿನಕಾಯಿ ಹುರಿದು, ನ್ಯೂಯಾರ್ಕಿನ ಜ್ಯಾಕ್ಸನ್ ಹೈಟ್ಸ್‌ನ ಇಂಡಿಯನ್ ಅಂಗಡಿಯಿಂದ ತಂದಿಟ್ಟ ಬ್ಯಾಡಗಿ ಮೆಣಸು ಹಾಕಿ ಸುಕ್ಕ ಮಾಡಿದೆ. ಜೊತೆಗೆ ನೀರುದೋಸೆ. ಮಗಳು ಮೊದಲು ತಟ್ಟೆಯನ್ನೇ ಅನುಮಾನದಿಂದ ನೋಡಿದಳು, ಆಮೇಲೆ ಎರಡನೇ ಸಲ ಬಡಿಸಿಕೊಂಡಳು.

"ಇಟ್ಸ್ ಗುಡ್, ಡ್ಯಾಡಿ. ನೀವ್ಯಾಕೆ ತಿಂತಿಲ್ಲ?"

"ನಾನು ನೋಡ್ತಾ ತಿಂತಾ ಇದ್ದೇನೆ" ಎಂದರು. ಬೆರಳ ತುದಿಯಲ್ಲಿ ಮಸಾಲೆ ಮುಟ್ಟಿ ನಾಲಿಗೆಗಿಟ್ಟುಕೊಂಡು ಉಪ್ಪು ಸರಿ ಇದೆಯೆಂದು ತಲೆಯಾಡಿಸಿದರು. ಅದಕ್ಕಿಂತ ಹೆಚ್ಚು ಅವರ ಹೊಟ್ಟೆ ತಡೆಯುತ್ತಿರಲಿಲ್ಲ. ಮಗಳು ಮೂಳೆ ಚೀಪುವುದನ್ನು ನೋಡುತ್ತಾ ಊಟ ಮುಗಿಯುವ ತನಕ ಮೇಜಿನ ಬಳಿಯೇ ಕೂತಿದ್ದರು.

ಜುಲೈಯಲ್ಲಿ ತೀರಿಕೊಂಡರು.

ಮುಂದಿನ ಮೇ ತಿಂಗಳಲ್ಲಿ ಒಂದು ಭಾನುವಾರ ಆ ಮುದುಕ ತನ್ನ ಟ್ರಕ್ಕಿನಲ್ಲಿ ಮನೆ ಹುಡುಕಿಕೊಂಡು ಬಂದ. ಇವರು ಬರಲಿಲ್ಲವೆಂದು ಫೋನ್ ಮಾಡಿದಾಗ ನಾನು ವಿಷಯ ಹೇಳಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಕೈಯಲ್ಲಿ ಒದ್ದೆ ಪೇಪರಿನಲ್ಲಿ ಸುತ್ತಿದ ನೇರಳೆ ಬಣ್ಣದ ಲೈಲ್ಯಾಕ್ ಹೂವಿನ ಗೊಂಚಲು. ತನ್ನ ಅಂಗಳದ್ದು, ಸಮಾಧಿಯ ಮೇಲೆ ಇಡಬೇಕು, ಯಾವ ಕಡೆ ಹೋಗಬೇಕೆಂದು ಕೇಳಿದ.

ನಮ್ಮಲ್ಲಿ ಸಮಾಧಿ ಇರುವುದಿಲ್ಲ, ಸುಟ್ಟೆವು, ಬೂದಿಯನ್ನು ನಾನು ಊರಿಗೆ ಒಯ್ದು ಹೊಳೆ ಕಡಲಿಗೆ ಸೇರುವಲ್ಲಿ ಬಿಟ್ಟು ಬಂದೆ ಎಂದೆ.

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಹಾಗಾದರೆ ಇಲ್ಲಿ ಏನೂ ಇಲ್ಲವೇ?" ಎಂದ.

"ಇಲ್ಲ" ಎಂದೆ.

ಹೂವು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಒಳಗೆ ಕರೆದು ಕೂರಿಸಿ, ಗೊಂಚಲನ್ನು ತೆಗೆದುಕೊಂಡು ಅಡುಗೆಮನೆಗೆ ಹೋದೆ. ನಮ್ಮಲ್ಲಿ ಹೂದಾನಿ ಇರಲಿಲ್ಲ. ಸ್ಟೀಲಿನ ಚೊಂಬಿಗೆ ನೀರು ತುಂಬಿಸಿದೆ. ಕಾಂಡ ಉದ್ದವಾಗಿತ್ತು, ಚೊಂಬು ವಾಲಿ ವಾಲಿ ಬೀಳುತ್ತಿತ್ತು. ನಲ್ಲಿಯ ಕೆಳಗೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೆ.